ನೇಮಕಾತಿ ಪತ್ರದ ಮೇಲೆ ಯಾರ ಹೆಸರಿದೆ? ಮುಂಬಯಿಯಲ್ಲಿ ಆಸ್ಪತ್ರೆ ಕೆಲಸ ಹುಡುಕುವವರಿಗೆ

ಕಳೆದ ಜೂನ್‌ನಲ್ಲಿ ಕಾಪುವಿನಿಂದ ನನ್ನ ತಂಗಿಯ ಮಗಳು ವಾಟ್ಸಾಪ್‌ನಲ್ಲಿ ಎರಡು ನೇಮಕಾತಿ ಪತ್ರಗಳ ಫೋಟೊ ಕಳಿಸಿದಳು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಅಲ್ಲೇ ಒಂದು ವರ್ಷ ದುಡಿದ ಹುಡುಗಿ. ಒಂದು ಪತ್ರದಲ್ಲಿ ತಿಂಗಳಿಗೆ 24,000 ರೂಪಾಯಿ, ಇನ್ನೊಂದರಲ್ಲಿ 22,000. "ದೊಡ್ಡಮ್ಮ, ಮೊದಲನೆಯದು ದೊಡ್ಡ ಆಸ್ಪತ್ರೆ, ಸಂಬಳವೂ ಜಾಸ್ತಿ. ಅದಕ್ಕೇ ಹೂಂ ಅಂದುಬಿಡಲಾ?" ಎಂದು ಕೇಳಿದಳು.

ಫೋಟೊ ದೊಡ್ಡದು ಮಾಡಿ ನೋಡಿದೆ. ಪತ್ರದ ತಲೆಯ ಮೇಲೆ ಆ ಆಸ್ಪತ್ರೆಯ ಹೆಸರೇ ಇರಲಿಲ್ಲ. ಕೆಲಸಕ್ಕೆ ಜನ ಒದಗಿಸುವ ಒಂದು ಏಜೆನ್ಸಿಯ ಹೆಸರಿತ್ತು. ಆಸ್ಪತ್ರೆಯ ಹೆಸರು ಬಂದದ್ದು ಕೆಳಗೆ, "ಕೆಲಸದ ಸ್ಥಳ" ಎಂಬಲ್ಲಿ ಮಾತ್ರ.

ನಾನು ಈ ಊರಿನಲ್ಲಿ 34 ವರ್ಷ ನರ್ಸ್ ಆಗಿ ದುಡಿದವಳು. ಮೊದಲು ಉಪನಗರದ ಒಂದು ನರ್ಸಿಂಗ್ ಹೋಮ್, ಆಮೇಲೆ ಟ್ರಸ್ಟಿನ ಆಸ್ಪತ್ರೆ, ಕೊನೆಗೆ ನಿವೃತ್ತಿಯವರೆಗೂ ಸಾರ್ವಜನಿಕ ಆಸ್ಪತ್ರೆ. ಊರಿಂದ ಬರುವ ಮಕ್ಕಳು ಆಸ್ಪತ್ರೆಯ ಕಟ್ಟಡ ನೋಡುತ್ತಾರೆ, ಸಂಬಳದ ಅಂಕಿ ನೋಡುತ್ತಾರೆ. ಪತ್ರ ಕೊಟ್ಟವರು ಯಾರು ಎಂದು ನೋಡುವುದಿಲ್ಲ. ನಿಮ್ಮ ರಜೆ, ನಿಮ್ಮ ಪಿಎಫ್, ಹೆರಿಗೆ ರಜೆ, ಹತ್ತು ವರ್ಷದ ನಂತರ ಕೈಗೆ ಬರುವ ಅನುಭವ ಪತ್ರ, ಎಲ್ಲವೂ ನಿಂತಿರುವುದು ಆ ಹೆಸರಿನ ಮೇಲೆ. ಇವತ್ತು ಮುಂಬಯಿಯ ಒಂದೇ ವಾರ್ಡಿನಲ್ಲಿ, ಒಂದೇ ಬಣ್ಣದ ಯೂನಿಫಾರ್ಮ್ ಹಾಕಿದ ನಾಲ್ವರು ನಾಲ್ಕು ಕಡೆಯಿಂದ ಸಂಬಳ ಪಡೆಯುತ್ತಿರಬಹುದು: ಒಬ್ಬಳು ಪರ್ಮನೆಂಟ್, ಒಬ್ಬಳು ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟಿನವಳು, ಒಬ್ಬಳು ಏಜೆನ್ಸಿಯವಳು, ಇನ್ನೊಬ್ಬಳು ದಿನದ ಲೆಕ್ಕಕ್ಕೆ ಬಂದವಳು. ರೋಗಿಗೆ ನಾಲ್ವರೂ "ಸಿಸ್ಟರ್" ಅಷ್ಟೇ.

24,000 ಹೇಗೆ 22,000ಕ್ಕಿಂತ ಕಡಿಮೆಯಾಯಿತು

ಹುಡುಗಿಗೆ ಫೋನಿನಲ್ಲೇ ಲೆಕ್ಕ ಹಾಕಿಸಿದೆ. ಏಜೆನ್ಸಿಯ 24,000 ಎಂಬುದು ಸಿಟಿಸಿ. ಅಂದರೆ ಕಂಪನಿ ತನ್ನ ಪಾಲಿನಿಂದ ಕಟ್ಟುವ ಪಿಎಫ್ ಕೂಡ ಅದರಲ್ಲೇ ಸೇರಿದೆ, ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟಿಗೆ, ಎತ್ತಿಡುವ ಹಣವೂ ಸೇರಿದೆ. ಎರಡೂ ಪತ್ರಗಳಲ್ಲಿ ಮೂಲ ವೇತನ 15,000 ಇತ್ತು. ಅದರ ಶೇ. 12 ಎಂದರೆ ಪಿಎಫ್‌ಗೆ 1,800. ಗ್ರಾಚ್ಯುಟಿಗೆ ಶೇ. 4.81ರಂತೆ 721. ಇಷ್ಟು ಕಳೆದರೆ 21,479 ಉಳಿಯಿತು. ಅದರಲ್ಲಿ ಇವಳ ಪಾಲಿನ ಪಿಎಫ್ ಇನ್ನೊಂದು 1,800 ಹೋಗಿ ಕೈಗೆ ಬರುವುದು 19,679. ಎರಡನೆಯ ಪತ್ರ ಟ್ರಸ್ಟ್ ಆಸ್ಪತ್ರೆ ತಾನೇ ಕೊಟ್ಟದ್ದು. ಅಲ್ಲಿ 22,000 ಎಂದರೆ ಒಟ್ಟು ಸಂಬಳ, ಕಂಪನಿಯ ಪಾಲು ಬೇರೆ. ತನ್ನ ಪಿಎಫ್ 1,800 ಕಳೆದು ಕೈಗೆ 20,200. ಮಹಾರಾಷ್ಟ್ರದಲ್ಲಿ 25,000ದವರೆಗೆ ಸಂಬಳವಿರುವ ಹೆಂಗಸರಿಗೆ ವೃತ್ತಿ ತೆರಿಗೆ ಇಲ್ಲ, ಹಾಗಾಗಿ ಅದನ್ನು ಕಳೆಯಲಿಲ್ಲ.

ಐನೂರು ರೂಪಾಯಿಯ ಈ ವ್ಯತ್ಯಾಸಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆಸ್ಪತ್ರೆಯು ಏಜೆನ್ಸಿಗೆ ಕೊಟ್ಟ ಗುತ್ತಿಗೆ ಮುಗಿದು ಬೇರೆ ಏಜೆನ್ಸಿ ಬಂದರೆ ನೀವು ಅದೇ ವಾರ್ಡಿನಲ್ಲಿ, ಅದೇ ಕುರ್ಚಿಯಲ್ಲಿ ಕೂತಿರುತ್ತೀರಿ, ಆದರೆ ಸೇವೆಯ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದೆ. ಗಲ್ಫಿಗೋ ಇಂಗ್ಲೆಂಡಿಗೋ ಹೋಗುವ ಆಸೆ ಇಟ್ಟುಕೊಂಡವರಿಗಂತೂ ಅನುಭವ ಪತ್ರವನ್ನು ಆಸ್ಪತ್ರೆ ಕೊಡುತ್ತದೋ ಏಜೆನ್ಸಿ ಕೊಡುತ್ತದೋ ಎಂಬುದು ದೊಡ್ಡ ಪ್ರಶ್ನೆ. ಹಾಸಿಗೆಗಳ ಸಂಖ್ಯೆ, ಕೆಲಸ ಮಾಡಿದ ವಿಭಾಗ, ತಾರೀಖು, ಇವೆಲ್ಲ ಆಸ್ಪತ್ರೆಯ ಪತ್ರದಲ್ಲಿದ್ದರೆ ಬೆಲೆ. ಸೇರುವ ಮೊದಲೇ ಕೇಳಿ ಬರವಣಿಗೆಯಲ್ಲಿ ಪಡೆಯಿರಿ.

ಸರಕಾರಿ ಎಂದರೆ ಯಾವ ಸರಕಾರ?

ಮುಂಬಯಿಯಲ್ಲಿ "ಸರಕಾರಿ ಆಸ್ಪತ್ರೆ" ಎಂಬ ಒಂದೇ ಮಾತಿನಲ್ಲಿ ಮೂವರು ಯಜಮಾನರು ಅಡಗಿದ್ದಾರೆ. ಪರೇಲಿನ ಕೆಇಎಂ, ಸಾಯನ್, ಮುಂಬಯಿ ಸೆಂಟ್ರಲ್‌ನ ನಾಯರ್, ಜುಹುವಿನ ಕೂಪರ್, ಘಾಟ್ಕೋಪರ್‌ನ ರಾಜಾವಾಡಿ ಮಹಾನಗರಪಾಲಿಕೆಯವು. ಭಾಯಖಳಾದ ಜೆಜೆ ಆಸ್ಪತ್ರೆ, 1845ರಿಂದ ಇರುವುದು, ರಾಜ್ಯ ಸರಕಾರದ್ದು. ಕಾಮಾ, ಜಿಟಿ, ಸೇಂಟ್ ಜಾರ್ಜ್ ಕೂಡ ರಾಜ್ಯದವೇ. ಇನ್ನು ಕೇಂದ್ರದವು: ರೈಲ್ವೆಯ ಜಗಜೀವನ್ ರಾಮ್ ಆಸ್ಪತ್ರೆ, ಕಾರ್ಮಿಕ ವಿಮೆಯ ಇಎಸ್‌ಐ ನಿಗಮ ತಾನೇ ನಡೆಸುವ ಆಸ್ಪತ್ರೆ, ಅಣುಶಕ್ತಿನಗರದ ಬಿಎಆರ್‌ಸಿ ಆಸ್ಪತ್ರೆ. ಪರೇಲಿನ ಟಾಟಾ ಮೆಮೋರಿಯಲ್ 1941ರಲ್ಲಿ ಟಾಟಾ ಟ್ರಸ್ಟ್ ಕಟ್ಟಿಸಿದ್ದು. ಹೆಸರು ನೋಡಿ ಅದು ಖಾಸಗಿ ಎಂದುಕೊಳ್ಳುವವರು ಈಗಲೂ ಇದ್ದಾರೆ, ಆದರೆ 1962ರಿಂದ ಅದು ಕೇಂದ್ರದ ಅಣುಶಕ್ತಿ ಇಲಾಖೆಯ ಕೈಯಲ್ಲಿದೆ.

ಯಜಮಾನ ಯಾರು ಎಂಬುದು ಕನ್ನಡದ ಮಕ್ಕಳಿಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ. ಕಾರಣ ಮರಾಠಿ. ಪಾಲಿಕೆಯ ನರ್ಸ್ ಹುದ್ದೆಗೆ ಹತ್ತನೇ ತರಗತಿಯಲ್ಲಿ 100 ಅಂಕಗಳ ಮರಾಠಿ ವಿಷಯ ತೆಗೆದುಕೊಂಡು ಪಾಸಾಗಿರಬೇಕು ಎಂಬ ಷರತ್ತು ಇರುತ್ತದೆ. ನನ್ನ ತಂದೆ ಮಾಟುಂಗದ ಹೋಟೆಲಿನಲ್ಲಿ ದುಡಿಯುತ್ತಿದ್ದರು. ನಾನು ಪಾಲಿಕೆಯ ಕನ್ನಡ ಶಾಲೆಯಲ್ಲೂ ಆಮೇಲೆ ಇಲ್ಲಿಯದೇ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲೂ ಓದಿದೆ. ಅಲ್ಲಿ ಮರಾಠಿ ಒಂದು ವಿಷಯವಾಗಿ ಇದ್ದೇ ಇತ್ತು. ಆಗ ಬೈದುಕೊಂಡು ಬಾಯಿಪಾಠ ಮಾಡಿದ ಆ ಮರಾಠಿಯೇ ಮುಂದೆ ನನಗೆ ಅನ್ನ ಕೊಟ್ಟಿತು. ಕಾಪುವಿನಲ್ಲಿ ಓದಿದ ನನ್ನ ತಂಗಿಯ ಮಗಳಿಗೆ ಆ ಬಾಗಿಲು ತೆರೆಯುವುದಿಲ್ಲ. ಎಷ್ಟು ಒಳ್ಳೆಯ ಅಂಕವಿದ್ದರೂ ಅರ್ಜಿ ಮೊದಲ ಪರಿಶೀಲನೆಯಲ್ಲೇ ಬೀಳುತ್ತದೆ. ಡೊಂಬಿವಲಿ, ಭಾಂಡೂಪ್, ಸಾಯನ್‌ನಲ್ಲಿರುವ ನಮ್ಮವರ ಮಕ್ಕಳು ಇಲ್ಲಿಯ ಬೋರ್ಡಿನಲ್ಲಿ ಹತ್ತನೆಯದು ಮುಗಿಸಿದ್ದರೆ ಈ ಹುದ್ದೆಗಳನ್ನು ಕೈಬಿಡಲೇಬಾರದು. ಮನೆಯಲ್ಲಿ ಗೊತ್ತಿಲ್ಲದೆ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಇನ್ನೊಂದು ಮಾತನ್ನೂ ಮುಂಚೆಯೇ ತಿಳಿದಿರಬೇಕು. ಕರ್ನಾಟಕದಲ್ಲಿ ಪಡೆದ ಜಾತಿ ಪ್ರಮಾಣಪತ್ರದಿಂದ ಮಹಾರಾಷ್ಟ್ರ ರಾಜ್ಯದ ಹುದ್ದೆಗಳಲ್ಲಿ ಮೀಸಲಾತಿ ಸಿಗುವುದಿಲ್ಲ. ಅಲ್ಲಿ ನಿಮ್ಮನ್ನು ಸಾಮಾನ್ಯ ವರ್ಗದಲ್ಲೇ ಲೆಕ್ಕ ಹಾಕುತ್ತಾರೆ.

ಹಾಗಾದರೆ ಊರಿಂದ ಬರುವವರಿಗೆ ಉಳಿದ ದಾರಿ ಕೇಂದ್ರ. ಸಂಬಳದಲ್ಲೂ ಅದೇ ಮೇಲು. ಏಳನೆಯ ವೇತನ ಆಯೋಗದ ಪ್ರಕಾರ ರಾಜ್ಯದಲ್ಲೂ ಪಾಲಿಕೆಯಲ್ಲೂ ಸ್ಟಾಫ್ ನರ್ಸಿನ ಮೂಲ ವೇತನ 35,400ರಿಂದ ಶುರುವಾದರೆ ಕೇಂದ್ರದ ಆಸ್ಪತ್ರೆಗಳಲ್ಲಿ 44,900ರಿಂದ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಇದರ ಮೇಲೆ. ರೈಲ್ವೆಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು ಎಂಬುದು ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಹಳೆಯ ಪಿಂಚಣಿಯ ಆಸೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ಕೇಂದ್ರದಲ್ಲಿ 2004ರ ಜನವರಿಯಿಂದ, ಮಹಾರಾಷ್ಟ್ರದಲ್ಲಿ 2005ರ ನವೆಂಬರ್‌ನಿಂದ ಸೇರಿದವರ ಲೆಕ್ಕವೇ ಬೇರೆ. ಸಂಬಳದಿಂದ ತಿಂಗಳು ತಿಂಗಳು ಕಡಿತವಾಗುತ್ತದೆ.

ಇದೇ ಆಸ್ಪತ್ರೆಗಳು "ವಾಕ್ ಇನ್" ಎಂದು ಕರೆದು ತಾತ್ಕಾಲಿಕ ಹುದ್ದೆಗಳನ್ನೂ ತುಂಬುತ್ತವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲೂ ಪಾಲಿಕೆ 2022ರಲ್ಲಿ ಆರಂಭಿಸಿದ "ಆಪ್ಲಾ ದವಾಖಾನಾ" ಎಂಬ ಸಣ್ಣ ಕ್ಲಿನಿಕ್‌ಗಳಲ್ಲೂ ಕಾಂಟ್ರ್ಯಾಕ್ಟ್ ಕೆಲಸಗಳಿವೆ. ಅವು ಕೆಟ್ಟವಲ್ಲ. ಟಾಟಾದಲ್ಲಿ ಆರು ತಿಂಗಳು ಕ್ಯಾನ್ಸರ್ ವಾರ್ಡ್ ನೋಡಿದವಳು ಬೇರೆಡೆ ಎರಡು ವರ್ಷದಲ್ಲಿ ಕಲಿಯದ್ದನ್ನು ಕಲಿತಿರುತ್ತಾಳೆ. ಕಲಬುರಗಿ, ವಿಜಯಪುರದಿಂದ ಬಂದ ರೋಗಿಗಳ ಮನೆಯವರು ಪರೇಲಿನ ಫುಟ್‌ಪಾತಿನಲ್ಲಿ ಚೀಟಿ ಹಿಡಿದು ನಿಂತಿರುವಾಗ ಕನ್ನಡ ಬಲ್ಲ ಒಬ್ಬ ಸಿಸ್ಟರ್ ಅವರಿಗೆ ದೇವರಂತೆ ಕಾಣುತ್ತಾಳೆ. ಆದರೆ "ಸೇರಿಕೊಳ್ಳಿ, ಮುಂದೆ ಪರ್ಮನೆಂಟ್ ಆಗುತ್ತದೆ" ಎಂದು ಬಾಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಪರ್ಮನೆಂಟ್ ಹುದ್ದೆಗೆ ಜಾಹೀರಾತು ಬೇರೆ, ಪರೀಕ್ಷೆ ಬೇರೆ.

ಕೆಲಸದ ಹೊರೆಯ ಮಾತು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗಳಿಗೆ ಒಬ್ಬ ನರ್ಸ್ ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಅಳತೆ. ನಾನು ದುಡಿದ ಸಾರ್ವಜನಿಕ ಆಸ್ಪತ್ರೆಯಲ್ಲಿ ಮಳೆಗಾಲದ ಮಲೇರಿಯಾ, ಲೆಪ್ಟೊ (ಇಲಿ ಜ್ವರ) ದಿನಗಳಲ್ಲಿ ಹಾಸಿಗೆ ಸಾಲದೆ ನೆಲದ ಮೇಲೂ ರೋಗಿಗಳನ್ನು ಮಲಗಿಸಿ, ರಾತ್ರಿ ಪಾಳಿಯಲ್ಲಿ ಅರುವತ್ತಕ್ಕೂ ಹೆಚ್ಚು ಜನರನ್ನು ಇಬ್ಬರು ನೋಡಿದ್ದೇವೆ. ಮೌಶಿಯರು, ಮಾಮಾಗಳು, ಅಂದರೆ ಆಯಾಗಳು ಮತ್ತು ವಾರ್ಡ್ ಬಾಯ್‌ಗಳು, ಕೈಗೆ ಕೈ ಕೊಡದಿದ್ದರೆ ಆ ರಾತ್ರಿಗಳು ದಾಟುತ್ತಿರಲಿಲ್ಲ. ಸರಕಾರಿ ಕೆಲಸ ಆರಾಮ ಎಂದು ಊರಲ್ಲಿ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಟ್ರಸ್ಟ್, ಕಾರ್ಪೊರೇಟ್

ಮುಂಬಯಿಯ ಹಳೆಯ ದೊಡ್ಡ ಖಾಸಗಿ ಆಸ್ಪತ್ರೆಗಳು ಹೆಚ್ಚಿನವು ಸಾರ್ವಜನಿಕ ಟ್ರಸ್ಟಿನ ಹೆಸರಿನಲ್ಲಿವೆ: ಬಾಂಬೆ ಹಾಸ್ಪಿಟಲ್, ಜಸ್ಲೋಕ್, ಹಿಂದುಜಾ, ಲೀಲಾವತಿ. ಟ್ರಸ್ಟ್ ಆಸ್ಪತ್ರೆಗಳು ಶೇ. 10 ಹಾಸಿಗೆ ಬಡವರಿಗೆ ಉಚಿತವಾಗಿಯೂ ಇನ್ನು ಶೇ. 10 ರಿಯಾಯಿತಿ ದರದಲ್ಲಿಯೂ ಇಡಬೇಕೆಂಬ ನಿಯಮ ರಾಜ್ಯದಲ್ಲಿದೆ. ಮುಲುಂಡಿನ ಫೋರ್ಟಿಸ್, ಬೇಲಾಪುರದ ಅಪೊಲೊ ಮುಂತಾದವು ಹಲವು ಊರುಗಳಲ್ಲಿ ಆಸ್ಪತ್ರೆ ನಡೆಸುವ ಸರಣಿಗಳವು. ರೋಗಿಯ ಕಣ್ಣಿಗೆ ಎರಡೂ ಒಂದೇ. ಒಳಗೆ ದುಡಿಯುವವರಿಗೆ ನನಗೆ ಕಂಡ ವ್ಯತ್ಯಾಸ ಇಷ್ಟು: ಹಳೆಯ ಟ್ರಸ್ಟುಗಳಲ್ಲಿ ಯೂನಿಯನ್ ಇರುವ ಸಂಭವ ಹೆಚ್ಚು, ಹಳಬರು ಹೆಚ್ಚು, ಮೇಲಕ್ಕೇರುವುದು ನಿಧಾನ. ಸರಣಿ ಆಸ್ಪತ್ರೆಗಳಲ್ಲಿ ತರಬೇತಿ ಚೆನ್ನಾಗಿ ಕೊಡುತ್ತಾರೆ, ಬರೆಯುವ ಕಾಗದಪತ್ರ ಜಾಸ್ತಿ, ಬೇರೆ ಊರಿನ ಶಾಖೆಗೆ ವರ್ಗ ಕೇಳಬಹುದು. ಮಂಗಳೂರಿಗೋ ಬೆಂಗಳೂರಿಗೋ ಒಂದು ದಿನ ವಾಪಸಾಗಬೇಕು ಎಂದಿರುವವರು, ಆ ಸರಣಿಗೆ ಕರ್ನಾಟಕದಲ್ಲಿ ಆಸ್ಪತ್ರೆ ಇದೆಯೇ ಎಂದು ನೋಡಿ ಸೇರುವುದು ಜಾಣತನ.

ಖಾಸಗಿ ಸಂಬಳ ಎಷ್ಟಿರಬೇಕು ಎಂಬುದಕ್ಕೆ ಒಂದು ಅಳತೆಗೋಲು ಉಂಟು. 2016ರಲ್ಲಿ ಸುಪ್ರೀಂ ಕೋರ್ಟಿನ ಮಾತಿನಂತೆ ಕೇಂದ್ರ ನೇಮಿಸಿದ ಸಮಿತಿ ಹೇಳಿದ್ದು: 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ರಾಜ್ಯ ಸರಕಾರದ ನರ್ಸಿನಷ್ಟೇ ಸಂಬಳ ಕೊಡಬೇಕು, ಅದರಲ್ಲಿ ಮಾಡುವ ಕಡಿತ 100 ಹಾಸಿಗೆ ದಾಟಿದಲ್ಲಿ ಶೇ. 10ನ್ನು, 50ರಿಂದ 100ರ ನಡುವೆ ಶೇ. 25ನ್ನು ಮೀರಬಾರದು. 50ಕ್ಕಿಂತ ಸಣ್ಣ ಆಸ್ಪತ್ರೆಯಲ್ಲೂ 20,000ಕ್ಕಿಂತ ಕೆಳಗೆ ಇಳಿಯಬಾರದು. ಇದು ಶಿಫಾರಸು. ನಮ್ಮ ಹುಡುಗಿಗೆ ಬಂದ ಎರಡೂ ಪತ್ರಗಳು ದೊಡ್ಡ ಆಸ್ಪತ್ರೆಗೆ ಹೇಳಿದ ಅಳತೆಯ ಹತ್ತಿರವೂ ಬರುವುದಿಲ್ಲ. ಆದರೂ ಸಂದರ್ಶನದಲ್ಲಿ ಹಾಸಿಗೆ ಎಷ್ಟು ಎಂದು ಕೇಳುವವಳಿಗೆ ತನ್ನ ಬೆಲೆ ಗೊತ್ತಿದೆ ಎಂದು ಮೇಟ್ರನ್‌ಗೆ ಅರ್ಥವಾಗುತ್ತದೆ.

ನರ್ಸಿಂಗ್ ಹೋಮ್

ನನ್ನ ಮೊದಲ ಕೆಲಸ ಹದಿನೆಂಟು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ. ಹೆರಿಗೆ, ಹರ್ನಿಯಾ, ಡ್ರೆಸ್ಸಿಂಗ್, ಬಿಲ್ಲು, ಎಲ್ಲ ನಾವೇ. ಕೈ ಬೇಗ ಪಳಗಿತು, ಅದಕ್ಕೆ ಇಂದಿಗೂ ಕೃತಜ್ಞಳು. ಆದರೆ ಸೇರಿದ ದಿನ ಮೂಲ ಸರ್ಟಿಫಿಕೇಟುಗಳನ್ನು "ಸುರಕ್ಷಿತವಾಗಿಡಲು" ತೆಗೆದುಕೊಂಡವರು, ಎರಡು ವರ್ಷದ ಬಾಂಡ್ ತೋರಿಸಿ, ಬಿಡುವಾಗ ಹಣ ಕೇಳಿದರು. ತಂದೆ ಸಾಲ ಮಾಡಿ ಕಟ್ಟಿ ಬಿಡಿಸಿಕೊಂಡು ಬಂದರು. ಹೋಟೆಲಿನ ಉಪ್ಪು ನೀರಿನಲ್ಲಿ ಒರಟಾದ ಆ ಕೈಯಿಂದ ನೋಟು ಎಣಿಸಿದ್ದು ನನ್ನ ಕಣ್ಣಿಂದ ಹೋಗಿಲ್ಲ.

ನರ್ಸ್‌ಗಳಿಗೆ ಬಾಂಡ್ ಹಾಕುವುದು, ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುವುದು ಶೋಷಣೆ ಎಂದು 2011ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲೇ ಸುತ್ತೋಲೆ ಹೊರಡಿಸಿದೆ. ಯಾವ ಕಾರಣಕ್ಕೂ ಮೂಲ ಪ್ರತಿ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು ವಾಪಸ್ ಚೀಲಕ್ಕೆ ಹಾಕಿಕೊಳ್ಳಿ. ಕೊಡಲೇಬೇಕೆಂದು ಹಟ ಹಿಡಿದರೆ ಅಲ್ಲಿಂದಲೇ ಎದ್ದು ಬನ್ನಿ. ಸಣ್ಣ ಜಾಗವಾದರೂ ಪಿಎಫ್ ನಂಬರ್ ಕೇಳಿ. ಸಂಬಳ 21,000ದ ಮಿತಿಯೊಳಗಿದ್ದರೆ ಇಎಸ್‌ಐ ಕೂಡ ಕೇಳಿ. ಅದರಲ್ಲಿ ನಿಮ್ಮ ಪಾಲು ಶೇ. 0.75 ಮಾತ್ರ, ಮಾಲೀಕರದ್ದು ಶೇ. 3.25. ಹೆರಿಗೆ ರಜೆ 26 ವಾರ ಎಂಬ ಕಾನೂನು 2017ರಿಂದ ಇದೆ. ಮದುವೆಯಾದ, ಆಗಲಿರುವ ಹುಡುಗಿಯರು ಇದನ್ನು ಕೇಳಲು ನಾಚಿಕೊಳ್ಳುತ್ತಾರೆ. ನಾಚಿಕೊಳ್ಳಬೇಡಿ.

ಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ಬ್ಯೂರೋ ಕೆಲಸದಲ್ಲಿ ಹನ್ನೆರಡು ತಾಸಿನ ಪಾಳಿ, ದಿನದ ಲೆಕ್ಕ, ಅದರಲ್ಲಿ ಬ್ಯೂರೋದ ಕಮಿಷನ್. ತುರ್ತಿಗೆ ಕೈಗೆ ದುಡ್ಡು ಬೇಕಾದವರಿಗೆ ಆಗಬಹುದು. ಕಲಿತ ಹುಡುಗಿಗೆ ಅಲ್ಲಿ ವರ್ಷಗಟ್ಟಲೆ ನಿಲ್ಲುವುದು ನಷ್ಟ.

ನರ್ಸಿಂಗ್ ಓದದವರಿಗೆ

ಲ್ಯಾಬ್ ಟೆಕ್ನಿಷಿಯನ್‌ಗಳಿಗೆ ಇಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಮೆಟ್ರೊಪೊಲಿಸ್, ಥೈರೊಕೇರ್ ಹುಟ್ಟಿದ ಊರಿದು. ನೋಡಬೇಕಾದದ್ದು ಒಂದೇ, ನಿಮ್ಮನ್ನು ಯಂತ್ರಗಳಿರುವ ಮುಖ್ಯ ಲ್ಯಾಬಿಗೆ ಹಾಕುತ್ತಾರೋ, ರಕ್ತ ತೆಗೆಯುವ ಕಲೆಕ್ಷನ್ ಸೆಂಟರಿಗೋ. ಎರಡನೆಯದರಲ್ಲಿ ಬೋರ್ಡು ಕಂಪನಿಯದು, ಸಂಬಳ ಕೊಡುವವರು ಫ್ರಾಂಚೈಸಿಯವರು ಆಗಿರಬಹುದು. ಫಾರ್ಮಸಿ ಓದಿದವರಿಗೆ ಒಂದೇ ಎಚ್ಚರಿಕೆ: ಲೈಸೆನ್ಸಿಗಾಗಿ ನಿಮ್ಮ ಸರ್ಟಿಫಿಕೇಟನ್ನು ಮೆಡಿಕಲ್ ಅಂಗಡಿಗೆ ಬಾಡಿಗೆಗೆ ಕೇಳುತ್ತಾರೆ. ಕೂತಲ್ಲೇ ದುಡ್ಡು ಎನಿಸುತ್ತದೆ, ಆದರೆ ಅಲ್ಲಿ ತಪ್ಪು ಔಷಧಿ ಹೋದರೆ ಉತ್ತರ ಕೊಡಬೇಕಾದ ಹೆಸರು ನಿಮ್ಮದು.

ಬಿಕಾಂ, ಬಿಎ ಮಾಡಿದವರಿಗೆ ಆಸ್ಪತ್ರೆಯ ಬಿಲ್ಲಿಂಗ್, ವಿಮೆಯ ಕಾಗದ ನೋಡುವ ಟಿಪಿಎ ಡೆಸ್ಕ್, ರಾಜ್ಯ ಸರಕಾರದ ಮಹಾತ್ಮ ಫುಲೆ ಜನಾರೋಗ್ಯ ಯೋಜನೆಯಲ್ಲಿ ರೋಗಿಗಳಿಗೆ ದಾರಿ ತೋರಿಸುವ ಆರೋಗ್ಯಮಿತ್ರ ಕೆಲಸಗಳಿವೆ. ಮೂರು ಭಾಷೆ ಬರುವ ನಮ್ಮ ಮಕ್ಕಳು ಅಲ್ಲಿ ಬೇಗ ನೆಲೆಯಾಗುತ್ತಾರೆ. ಬಿಎಸ್ಸಿ ಆದವರು ಐರೋಲಿ ಕಡೆ ಅಮೆರಿಕದ ಆಸ್ಪತ್ರೆಗಳಿಗೆ ಮೆಡಿಕಲ್ ಕೋಡಿಂಗ್, ಅಂದರೆ ರೋಗ, ಚಿಕಿತ್ಸೆಗಳನ್ನು ಬಿಲ್ಲಿಗಾಗಿ ಸಂಕೇತಗಳಲ್ಲಿ ಬರೆಯುವ ಕೆಲಸ, ಮಾಡುತ್ತಾರೆ. ಔಷಧ ಕಂಪನಿಗಳ ಪ್ರತಿನಿಧಿಯ ಕೆಲಸಕ್ಕೂ ಮುಂಬಯಿ ದೊಡ್ಡ ಊರೇ. ತಿರುಗಾಟ, ಟಾರ್ಗೆಟ್ ಎರಡನ್ನೂ ತಡೆಯುವ ಗಟ್ಟಿತನ ಬೇಕು.

ರಾತ್ರಿ ಪಾಳಿ, ಬಟ್ಟೆ ಬದಲಿಸುವ ಕೋಣೆ, ಲೋಕಲ್

ನನ್ನ ಕಾಲದ ಕನ್ನಡ ನರ್ಸ್‌ಗಳಲ್ಲಿ ಅರುಣಾ ಶಾನಭಾಗರ ಹೆಸರು ಗೊತ್ತಿಲ್ಲದವರಿಲ್ಲ. ಹೊನ್ನಾವರದ ಹಳದೀಪುರದವರು, ಕೆಇಎಂನ ನರ್ಸ್. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿಯ ಸಫಾಯಿ ಕೆಲಸದವನೊಬ್ಬ ಮೇಲೆರಗಿದ. ಅವರಿಗೆ ಮತ್ತೆ ಪೂರ್ಣ ಪ್ರಜ್ಞೆ ಮರಳಲಿಲ್ಲ. ಅವರು ತೀರಿಕೊಂಡ 2015ರ ಮೇ 18ರವರೆಗೆ, ಸುಮಾರು 42 ವರ್ಷ, ಕೆಇಎಂನ ನರ್ಸ್‌ಗಳು ಪಾಳಿಯ ಮೇಲೆ ಪಾಳಿ ಅವರನ್ನು ನೋಡಿಕೊಂಡರು. ಮೈಯಲ್ಲಿ ಹಾಸಿಗೆ ಹುಣ್ಣು ಏಳದಂತೆ ಕಾಪಾಡಿದರು. ಬೇರೆಡೆಗೆ ಸಾಗಿಸುವ ಮಾತು ಬಂದಾಗ ಅಡ್ಡ ನಿಂತದ್ದೂ ಆ ನರ್ಸ್‌ಗಳೇ.

ಹಾಗಾಗಿ ಸಂದರ್ಶನಕ್ಕೆ ಹೋದ ದಿನ ಒಂದು ಕೆಲಸ ಮಾಡಿ. ನರ್ಸ್‌ಗಳು ಬಟ್ಟೆ ಬದಲಿಸುವ ಕೋಣೆ ಎಲ್ಲಿದೆ, ಒಳಗಿನಿಂದ ಚಿಲಕ ಇದೆಯೇ, ರಾತ್ರಿ ಆ ಹಾದಿಯಲ್ಲಿ ದೀಪವೂ ಕಾವಲಿನವರೂ ಇರುತ್ತಾರೆಯೇ ನೋಡಿ. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಮಹಾರಾಷ್ಟ್ರದಲ್ಲಿ 2010ರ ಕಾನೂನು ಇದೆ, ಆದರೆ ಚಿಲಕದ ಕೆಲಸವನ್ನು ಕಾನೂನು ಮಾಡುವುದಿಲ್ಲ.

ಮನೆಯ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಡೊಂಬಿವಲಿಯಿಂದ ಪರೇಲಿಗೆ ಲೋಕಲ್‌ನಲ್ಲಿ ಒಂದು ತಾಸಿನ ಮೇಲೆ. ಭಾನುವಾರ ಹಳಿ ರಿಪೇರಿಗೆ ರೈಲು ತಡೆಯುವ ಮೆಗಾ ಬ್ಲಾಕ್ ಇರುತ್ತದೆ, ಆಸ್ಪತ್ರೆಗೆ ಭಾನುವಾರವಿಲ್ಲ. ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಸ್ಟೇಷನ್‌ವರೆಗೆ ಬಿಡುವ ಗಾಡಿ ಇದೆಯೇ, ಹಾಸ್ಟೆಲ್ ಇದೆಯೇ, ಅದಕ್ಕೆ ಸಂಬಳದಲ್ಲಿ ಎಷ್ಟು ಮುರಿಯುತ್ತಾರೆ, ಇದನ್ನು ಕೇಳದೆ ಎರಡು ಸಂಬಳಗಳನ್ನು ಹೋಲಿಸಲು ಬರುವುದಿಲ್ಲ.

ಕರ್ನಾಟಕದಲ್ಲಿ ನೋಂದಣಿಯಾದ ನರ್ಸ್‌ಗಳು ಇಲ್ಲಿ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ಹಾಕಿಸಬೇಕು. ಅದಕ್ಕೆ ಬೆಂಗಳೂರಿನ ಕೌನ್ಸಿಲಿನಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ಊರಿನಲ್ಲಿರುವಾಗಲೇ ಅರ್ಜಿ ಹಾಕಿ ಬನ್ನಿ. ಇಲ್ಲಿಗೆ ಬಂದ ಮೇಲೆ ರಜೆ ಹಾಕಿ ಓಡಾಡುವುದು ಕಷ್ಟ.

ನಮ್ಮ ಹುಡುಗಿ 22,000ದ ಟ್ರಸ್ಟ್ ಆಸ್ಪತ್ರೆಗೆ ಸೇರಿದಳು. ಆಸ್ಪತ್ರೆಯ ಹಿಂದೆಯೇ ಹಾಸ್ಟೆಲ್, ಕೋಣೆಯಲ್ಲಿ ಮೂವರು. ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದ ಬೆಳಿಗ್ಗೆ ಅವಳ ಚೀಲದಲ್ಲಿದ್ದ ಸರ್ಟಿಫಿಕೇಟಿನ ಫೈಲು ಈಗ ನನ್ನ ಕಪಾಟಿನಲ್ಲಿದೆ. ಆಫ್ ಇರುವ ದಿನ ಮನೆಗೆ ಬಂದು ಊಟ ಮಾಡಿ, ಮರಾಠಿ ಪೇಪರಿನ ತಲೆಬರಹಗಳನ್ನು ನನ್ನೆದುರು ಗಟ್ಟಿಯಾಗಿ ಓದುತ್ತಾಳೆ. ರೈಲ್ವೆಯ ಮುಂದಿನ ಜಾಹೀರಾತಿಗೆ ಕಾಯುತ್ತಿದ್ದಾಳೆ. ಅರ್ಜಿಯಲ್ಲಿ ಪರೀಕ್ಷೆಯ ಭಾಷೆ ಕೇಳುವ ಕಡೆ ಕನ್ನಡ ಎಂದೇ ಬರೆಯುವುದಾಗಿ ಈಗಲೇ ಹೇಳಿಬಿಟ್ಟಿದ್ದಾಳೆ.